ಜ್ವರಕ್ಕೆ ಕುಂತ ಹುಳಕ್ಕೆ ಸೊಪ್ಪು ಹಾಕಬಾರದು

"ಲೈಫ್ ಕೋಚ್ ಅಂದ್ರೆ ಏನಮ್ಮಾ, ಏನ್ ಮಾಡ್ತೀಯಾ ನೀನು" ಅಂತ ನಮ್ ಕಡೆ ಯಾರ್ ಕೇಳಿದ್ರೂ ನಾನು ರೇಷ್ಮೆ ಹುಳದಿಂದ ಶುರು ಮಾಡ್ತೀನಿ. ಯಾಕಂದ್ರೆ ಈ ಕೆಲಸ, ಅಂದ್ರೆ ದಾರಿ ಕಾಣ್ದೆ ನಿಂತೋರ ಜೊತೆಲಿದ್ದು ಮುಂದಿನ ಹೆಜ್ಜೆ ಅವ್ರೇ ಹುಡ್ಕೊಳೋ ಹಂಗೆ ಮಾಡೋದು, ನಂಗೆ ಮೊದಲು ಕಲಿಸಿದ್ದು ನಮ್ ಹುಳದ ಮನೆ, ಸರ್ಟಿಫಿಕೇಟ್ ಎಲ್ಲಾ ಆಮೇಲೆ ಬಂದಿದ್ದು.

ನಮ್ದು ಶಿಡ್ಲಘಟ್ಟದ ಹತ್ರ ಒಂದು ಹಳ್ಳಿ. ನಾನು ಹುಟ್ಟಿದಾಗ ಅದು ಕೋಲಾರ ಜಿಲ್ಲೆ, 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಆಯ್ತು. ಮನೆಲಿ ಎರಡೆಕರೆ ಹಿಪ್ಪುನೇರಳೆ ತೋಟ, ಒಂದು ಬೋರು, ನೂರು ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೆ ನಾವು ಒಂದು ಮೊಟ್ಟೆ ಅಂತೀವಿ) ಹುಳ ಮೇಯಿಸೋ ಅಷ್ಟು ಜಾಗ. ಹುಳದ ಮನೆಲಿ ಬೆಳೆದವ್ರಿಗೆ ಗೊತ್ತಿರುತ್ತೆ, ಆ ಇಪ್ಪತ್ತೈದು ದಿನ ಮನೆಲಿ ಯಾರಿಗೂ ಬೇರೆ ಜೀವನ ಇರಲ್ಲ, ಮದುವೆ ಮುಂಜಿಗೂ ಒಬ್ರು ಹೋಗಿ ತಲೆ ತೋರ್ಸಿ ವಾಪಸ್ ಬರ್ಬೇಕು.

ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ತೀನಿ. ಹುಳ ಬೆಳೀತಾ ಬೆಳೀತಾ ಅದರ ಚರ್ಮ ಅದಕ್ಕೇ ಬಿಗಿ ಆಗುತ್ತೆ, ಆ ಚರ್ಮ ಹಿಗ್ಗಲ್ಲ, ಅದಕ್ಕೆ ಒಟ್ಟು ನಾಲ್ಕು ಸಲ ಪೊರೆ ಬಿಡುತ್ತೆ. ಇದಕ್ಕೆ ನಾವು ಜ್ವರ ಅಂತೀವಿ, ಮೊದಲನೇ ಜ್ವರ, ಎರಡನೇ ಜ್ವರ ಹಂಗೆ. ಜ್ವರಕ್ಕೆ ಕುಂತ ಹುಳ ತಲೆ ಮೇಲಕ್ಕೆತ್ತಿ ಅಲ್ಲಾಡ್ದೆ ಕುಂತ್ಬಿಡುತ್ತೆ, ಏನೂ ತಿನ್ನಲ್ಲ, ಹೆಚ್ಚುಕಮ್ಮಿ ಒಂದು ದಿನ, ನಾಲ್ಕನೇ ಜ್ವರಕ್ಕೆ ಇನ್ನೂ ಸ್ವಲ್ಪ ಜಾಸ್ತಿ. ಆಗ ಸೊಪ್ಪು ಹಾಕಬಾರದು. ಹಾಕಿದ್ರೆ ಹಾಸಿಗೆ ತೇವ ಆಗಿ ರೋಗ ಬರುತ್ತೆ, ಮೊದಲೇ ಎದ್ದಿರೋ ನಾಕು ಹುಳ ತಿಂದು ದಪ್ಪ ಆಗ್ತವೆ, ಮಿಕ್ಕಿದ್ದು ಹಿಂದೆ ಬೀಳ್ತವೆ. ಮೇಲೆ ಸುಣ್ಣದ ಪುಡಿ ಉದುರ್ಸಿ, ಗಾಳಿ ಆಡೋ ಹಂಗೆ ನೋಡ್ಕೊಂಡು, 100ಕ್ಕೆ 95 ಹುಳ ಎದ್ದ ಮೇಲೇನೇ ಸೊಪ್ಪು.

ಈಗ ನಮ್ಮಪ್ಪನ ವಿಷಯ. 2011ರ ಬಜೆಟ್ಟಲ್ಲಿ ಕಚ್ಚಾ ರೇಷ್ಮೆ ಆಮದು ಸುಂಕ 30 ಪರ್ಸೆಂಟ್ ಇದ್ದಿದ್ದು 5 ಪರ್ಸೆಂಟಿಗೆ ಇಳೀತು, ಹೊರಗಿನ ನೂಲು ಅಗ್ಗಕ್ಕೆ ಬರೋಕೆ ಶುರು ಆಯ್ತು, ಗೂಡಿನ ರೇಟು ಬಿತ್ತು. ಅಪ್ಪ ಮಾರ್ಕೆಟ್ಟಿಂದ ಬಂದಾಗ ಸೊಪ್ಪಿನ ಖರ್ಚೂ ಹುಟ್ಟಿರ್ಲಿಲ್ಲ. ನಾನಾಗ ಸೆಕೆಂಡ್ ಪಿಯುಸಿ. ಕೆಲವು ತಿಂಗಳು ನೋಡಿ ಅಪ್ಪ ಒಂದು ದಿನ ಜೆಸಿಬಿ ಕರ್ಸಿ ಅರ್ಧ ತೋಟ ಕೀಳಿಸ್ಬಿಟ್ರು. ಆ ಗಿಡಗಳು ನಮ್ ತಾತ ನೆಟ್ಟಿದ್ದು. ಆಮೇಲೆ ಅಪ್ಪ ಮಾತು ನಿಲ್ಲಿಸಿದ್ರು. ಜಗಳ ಇಲ್ಲ, ಕುಡಿತ ಇಲ್ಲ, ಬೆಳಗ್ಗೆ ಎದ್ದು ಖಾಲಿ ಹುಳದ ಮನೆ ಬಾಗ್ಲಲ್ಲಿ ಕುಂತ್ಕೊಳೋರು, ಅಷ್ಟೇ.

ಮನೆಗೆ ಬಂದವ್ರೆಲ್ಲ ಒಂದೊಂದು ಐಡಿಯಾ ಕೊಡೋರು. ಟೊಮೆಟೊ ಹಾಕು, ನೀಲಗಿರಿ ಹಾಕಿ ಕೈ ತೊಳ್ಕೊ, ಸೀಮೆಹಸು ತಗೊ ಡೈರಿಗೆ ಹಾಲ್ ಹಾಕು, ಭೂಮಿ ಮಾರಿ ಬೆಂಗಳೂರಿಗೆ ಹೋಗು. ಎಲ್ರೂ ಒಳ್ಳೇ ಮನಸ್ಸಿಂದಾನೇ ಹೇಳ್ತಿದ್ರು. ಒಂದಿನ ನಮ್ ದೊಡ್ಡಪ್ಪ ಜೋರಾಗಿ ಹೇಳ್ತಿರ್ಬೇಕಾದ್ರೆ ಅಜ್ಜಿ ಒಳಗಿಂದ ಬಂದು, "ಅವ್ನು ಜ್ವರಕ್ಕೆ ಕುಂತವ್ನೆ ಕಣ್ರಪ್ಪಾ, ಈಗ ಸೊಪ್ಪು ಹಾಕ್ಬೇಡ್ರಿ" ಅಂದ್ರು. ಅಷ್ಟು ಹೇಳಿ ಅಪ್ಪನ ಪಕ್ಕ ಕುಂತು ಅವರೆಕಾಯಿ ಬಿಡಿಸೋಕೆ ಶುರು ಮಾಡಿದ್ರು. ದಿನಾ ಹಂಗೇ, ಏನೂ ಕೇಳ್ತಿರ್ಲಿಲ್ಲ, ಪಕ್ಕದಲ್ಲಿ ಇರೋರು. ಎಷ್ಟೋ ತಿಂಗಳಾದ ಮೇಲೆ ಅಪ್ಪ ತಾವಾಗೇ "ಉಳ್ದಿರೋ ತೋಟಕ್ಕೆ ಗೊಬ್ಬರ ಹೊಡೀಬೇಕು" ಅಂದ್ರು, ಅಜ್ಜಿ "ಹೊಡಿ" ಅಂದ್ರು.

ಆಗ ನಂಗೆ ಅದರ ಬೆಲೆ ಗೊತ್ತಾಗ್ಲಿಲ್ಲ. ಡಿಗ್ರಿ ಮುಗಿಸಿ ಬೆಂಗಳೂರಲ್ಲಿ ಎಚ್‌ಆರ್ ಕೆಲಸಕ್ಕೆ ಸೇರಿ ಐದು ವರ್ಷ ದುಡಿದೆ, 2019ರಲ್ಲಿ ಒಂದು ಸೋಮವಾರ ಬೆಳಗ್ಗೆ ಪಿಜಿ ಮಂಚದಿಂದ ಏಳೋಕೇ ಆಗ್ಲಿಲ್ಲ. ಮೈಯಲ್ಲಿ ಏನೂ ಕಾಯಿಲೆ ಇಲ್ಲ, ಕಾಲು ಕೆಳಗಿಡೋಕೆ ಆಗ್ತಿಲ್ಲ. ಅಪ್ಪ ಬಸ್ಸಲ್ಲಿ ಬಂದು ಕರ್ಕೊಂಡ್ ಹೋದ್ರು, ದಾರಿ ಉದ್ದಕ್ಕೂ ಒಂದೇ ಒಂದು ಪ್ರಶ್ನೆ ಕೇಳ್ಲಿಲ್ಲ, ಅಜ್ಜಿ ಆಗ ಇರ್ಲಿಲ್ಲ ಆದ್ರೆ ಅಜ್ಜಿ ಮಾಡಿದ್ದನ್ನೇ ಅವ್ರು ನಂಗೆ ಮಾಡ್ತಿದ್ರು. ಡಾಕ್ಟ್ರ ಹತ್ರಾನೂ ಹೋದೆ, ಎಂಟು ತಿಂಗಳು ಮಾತ್ರೆ ತಗೊಂಡೆ. ಇದನ್ನ ಮುಚ್ಚಿಡಲ್ಲ, ನನ್ ಹತ್ರ ಬರೋರಿಗೆ ಮೊದಲನೇ ದಿನಾನೇ ಹೇಳ್ತೀನಿ.

ಕೊರೋನಾ ಟೈಮಲ್ಲಿ ಆನ್‌ಲೈನ್ ಕೋಚಿಂಗ್ ಕೋರ್ಸ್ ಮಾಡ್ದೆ. ಒಂದು ವಿಷಯ ಎಲ್ರಿಗೂ ಗೊತ್ತಿರ್ಲಿ, ನಮ್ ದೇಶದಲ್ಲಿ ಲೈಫ್ ಕೋಚ್ ಆಗೋಕೆ ಸರ್ಕಾರದ ಲೈಸೆನ್ಸ್ ಅಂತ ಏನೂ ಇಲ್ಲ, ಯಾರ್ ಬೇಕಾದ್ರೂ ಬೋರ್ಡ್ ಹಾಕ್ಬೋದು. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ಅಂತ 1995ರಲ್ಲಿ ಶುರುವಾದ ಸಂಸ್ಥೆ ಇದೆ, ಅದರ ಮೊದಲನೇ ಹಂತಕ್ಕೇ 60 ಗಂಟೆ ಟ್ರೇನಿಂಗು, 100 ಗಂಟೆ ಕೋಚಿಂಗ್ ಅನುಭವ ಬೇಕು. ಹಂಗಾಗಿ ಯಾರ ಹತ್ರ ಹೋದ್ರೂ "ಎಲ್ಲಿ ಕಲ್ತಿದ್ದೀರ, ಎಷ್ಟ್ ಗಂಟೆ ಮಾಡಿದ್ದೀರ" ಅಂತ ಬಾಯ್ಬಿಟ್ಟು ಕೇಳಿ. ನನ್ನನ್ನೂ ಕೇಳಿ.

ಶುರುನಲ್ಲಿ ನಾನು ಮಾಡಿದ ತಪ್ಪು ಹೇಳ್ಬೇಕು. ಒಬ್ರು ಅಕ್ಕ ಬಂದಿದ್ರು, ಮನೇಲಿ ತುಂಬಾ ಕಷ್ಟ. ಎರಡನೇ ಭೇಟಿಲೇ ನಾನು ಟೈಲರಿಂಗ್ ಶಾಪ್ ಇಡಿ, ಹಿಂಗ್ ಮಾಡಿ ಹಂಗ್ ಮಾಡಿ ಅಂತ ಪೇಪರಲ್ಲಿ ಬರ್ದು ಕೊಟ್ಬಿಟ್ಟೆ. ಅವ್ರು ತಲೆ ಆಡಿಸಿ, ಪೇಪರ್ ಮಡಚಿ ಪರ್ಸಿಗೆ ಹಾಕ್ಕೊಂಡು ಹೋದ್ರು. ಮತ್ತೆ ಬರ್ಲೇ ಇಲ್ಲ, ಫೋನೂ ಎತ್ತಲಿಲ್ಲ. ದೊಡ್ಡಪ್ಪನ ಸೀಮೆಹಸು ಐಡಿಯಾಗೂ ನನ್ ಪೇಪರಿಗೂ ಏನು ವ್ಯತ್ಯಾಸ ಇತ್ತು ಅಂತ ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಅಲ್ಲಿಂದ ನಾನು ಕೆಲಸ ಮಾಡೋ ರೀತಿ ಬದಲಾಯ್ತು. ಈಗ ಜಾಸ್ತಿ ಸೆಷನ್ ಚಿಕ್ಕಬಳ್ಳಾಪುರದ ಕಂದವಾರ ಕೆರೆ ಏರಿ ಮೇಲೆ ನಡ್ಕೊಂಡೇ ಮಾಡ್ತೀನಿ, ಎದುರು ಬದರು ಕುಂತ್ರೆ ಜನ ಇಂಟರ್‌ವ್ಯೂ ತರ ಉತ್ತರ ಕೊಡ್ತಾರೆ. ಇನ್ನೊಂದು ನೋಡಿದ್ದೀನಿ, ನಮ್ ಕಡೆ ತುಂಬಾ ಮನೆಲಿ ತೆಲುಗು ಮಾತಾಡ್ತಾರಲ್ವಾ, ಕನ್ನಡದಲ್ಲಿ ಹೇಳ್ತಾ ಇರೋರು ಒಂದು ಕಡೆ ಇದ್ದಕ್ಕಿದ್ದಂಗೆ ತೆಲುಗಿಗೆ ತಿರುಗ್ತಾರೆ, ನಿಜವಾದ ನೋವು ಅಲ್ಲಿರುತ್ತೆ. ಆಗ ನಾನೂ ತೆಲುಗಿಗೇ ಹೋಗ್ತೀನಿ.

ಒಬ್ಬ ಹುಡುಗ, ಇಪ್ಪತ್ತೊಂಬತ್ತು ವರ್ಷ, ಸರ್ಕಾರಿ ಕೆಲಸದ ಪರೀಕ್ಷೆಗೆ ಆರು ವರ್ಷದಿಂದ ಓದ್ತಿದ್ದ (ಅವ್ನನ್ನ ಕೇಳೇ ಬರೀತಿದ್ದೀನಿ). ಮೊದಲನೇ ದಿನ ನಲವತ್ತು ನಿಮಿಷ ಏನೂ ಮಾತಾಡ್ಲಿಲ್ಲ. ನಂಗೂ ಬಾಯಿ ತುದಿಗೆ ಎಷ್ಟೋ ಬಂತು, ನುಂಗ್ಕೊಂಡು ಪಕ್ಕದಲ್ಲಿ ನಡೆದೆ. ವಾಪಸ್ ಗೇಟ್ ಹತ್ರ ಬಂದಾಗ "ಮೇಡಂ, ಬುಧವಾರಾನೂ ಬರ್ಲಾ" ಅಂದ. ನಾಲ್ಕನೇ ವಾರ ಅವ್ನೇ ಹೇಳ್ದ, ನಂಗೆ ಆ ಕೆಲಸ ಬೇಡ, ಬೇಡ ಅಂತ ಅಪ್ಪಂಗೆ ಹೇಳೋಕೆ ಭಯ. ಅದಾದ ಮೇಲೆ ನಮ್ ಪ್ರಶ್ನೆಗಳು ಕೆಲ್ಸಕ್ಕೆ ಬಂದ್ವು, ಏನ್ ಬೇಕು, ಈಗ ಕೈಲಿ ಏನಿದೆ, ಯಾವ್ಯಾವ ದಾರಿ ಇದೆ, ಈ ವಾರ ಯಾವ ಒಂದು ಹೆಜ್ಜೆ. ಎದ್ದ ಹುಳಕ್ಕೆ ಸೊಪ್ಪು ಚೆನ್ನಾಗೇ ಬೇಕು, ಕಡೇ ಹಂತದ ಒಂದು ವಾರದಲ್ಲಿ ಹುಳ ತನ್ನ ಜೀವಮಾನದ ಸೊಪ್ಪಲ್ಲಿ 100ಕ್ಕೆ 80ಕ್ಕಿಂತ ಜಾಸ್ತಿ ತಿನ್ನುತ್ತೆ.

ಆದ್ರೆ ಸುಮ್ನೆ ಕುಂತ ಹುಳ ಎಲ್ಲಾ ಜ್ವರಕ್ಕೇ ಕುಂತಿರಲ್ಲ. ಸಪ್ಪೆ ರೋಗ ಬಂದ್ರೂ ಸೊಪ್ಪು ಬಿಡುತ್ತೆ. ಜ್ವರದ ಹುಳ ತಲೆ ಎತ್ತಿ ಗಟ್ಟಿಯಾಗಿರುತ್ತೆ, ರೋಗದ ಹುಳ ಮೆತ್ತಗಾಗಿ ಜೋತು ಬೀಳುತ್ತೆ. ಮನುಷ್ಯರಲ್ಲಿ ಅಷ್ಟು ಸುಲಭವಾಗಿ ಕಾಣಲ್ಲ, ಅದಕ್ಕೇ ನಾನು ನಿದ್ದೆ, ಊಟ, ಸಾಯೋ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳ್ತೀನಿ. ಹೌದು ಅಂದ್ರೆ ಕೋಚಿಂಗ್ ಅಲ್ಲಿಗೆ ನಿಲ್ಲುತ್ತೆ, ಡಾಕ್ಟ್ರ ಹತ್ರ ನಾನೇ ಜೊತೆಲಿ ಹೋಗ್ತೀನಿ. ನಾನು ಡಾಕ್ಟರ್ ಅಲ್ಲ. ರಾತ್ರಿ ಹೊತ್ತಲ್ಲಿ ಕಷ್ಟ ಆದ್ರೆ ಟೆಲಿ ಮನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ, ಫ್ರೀ, 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ. ಈ ನಂಬರ್ ಈಗ್ಲೇ ಫೋನಲ್ಲಿ ಸೇವ್ ಮಾಡ್ಕೊಳಿ.

ಅಪ್ಪ ಈಗ್ಲೂ ಹುಳ ಮೇಯಿಸ್ತಾರೆ, ಕಿತ್ತ ಅರ್ಧ ತೋಟಾನೂ ಮತ್ತೆ ನೆಟ್ಟಿದ್ದಾರೆ. ಈ ಬೆಳೆ ನಾಲ್ಕನೇ ಜ್ವರ ಎದ್ದಿದೆ, ಮುಂದಿನ ಶುಕ್ರವಾರದ ಹೊತ್ತಿಗೆ ಹಣ್ಣಾಗುತ್ತೆ, ಅಂದ್ರೆ ಗೂಡು ಕಟ್ಟೋಕೆ ರೆಡಿ ಆಗುತ್ತೆ ಅಂದ್ರು. ಹಣ್ಣು ಹುಳ ಆರಿಸಿ ಚಂದ್ರಂಕಿಗೆ (ಹುಳ ಗೂಡು ಕಟ್ಟೋ ತಟ್ಟೆ) ಬಿಡೋಕೆ ಮನೇಲಿ ಎಲ್ಲಾ ಕೈ ಬೇಕು, ಆ ಎರಡು ದಿನ ನಾನು ಊರಲ್ಲಿರ್ತೀನಿ. ಶುಕ್ರವಾರ, ಶನಿವಾರ ಟೈಮ್ ತಗೊಂಡಿದ್ದವ್ರು ಭಾನುವಾರ ಸಂಜೆ ಐದಕ್ಕೆ ಕೆರೆ ಹತ್ರ ಬನ್ನಿ.