ಹಿರಿಯರ ಡೇ ಕೇರ್ ಶುರು ಮಾಡಲು ಎಷ್ಟು ಬಂಡವಾಳ ಬೇಕು?

ವಾರಕ್ಕೊಂದಾದರೂ ಇಂಥ ಫೋನ್ ಬರುತ್ತದೆ. "ಮೇಡಂ, ನಮ್ಮೂರಲ್ಲೂ ವಯಸ್ಸಾದವರಿಗೆ ಡೇ ಕೇರ್ ಮಾಡೋಣ ಅಂತಿದೀವಿ. ಮನೆ ನೋಡಿದ್ದಾಯ್ತು. ಬಂಡವಾಳ ಎಷ್ಟು ಬೇಕಾಗತ್ತೆ?"

ಮೈಸೂರಿನ ಕುವೆಂಪುನಗರದ ಒಂದು ಬಾಡಿಗೆ ಮನೆಯಲ್ಲಿ ನಾನು ಇದನ್ನು ಶುರು ಮಾಡಿ ಆರು ವರ್ಷವಾಯಿತು. ಹಿರಿಯರು ಬೆಳಗ್ಗೆ ಒಂಬತ್ತಕ್ಕೆ ಬರುತ್ತಾರೆ, ಸಂಜೆ ಆರಕ್ಕೆ ಮನೆಗೆ ಹೋಗುತ್ತಾರೆ. ಈಗ 14 ಜನ ಇದ್ದಾರೆ. ಫೋನ್ ಮಾಡಿದವರಿಗೆಲ್ಲ ನಾನು ಹೇಳುವುದು ಒಂದೇ. ನಿಮ್ಮಲ್ಲಿ ಕೆಲಸ ಮಾಡುವವರಿಗೆ ಒಂದು ವರ್ಷದ ಸಂಬಳ ಕೊಡುವಷ್ಟು ದುಡ್ಡು ಬ್ಯಾಂಕಿನಲ್ಲಿಟ್ಟು ಆಮೇಲೆ ಬೀಗದ ಕೈ ತಗೊಳ್ಳಿ. ಸೋಫಾ, ಟಿವಿ, ಬೋರ್ಡು ನಿಧಾನಕ್ಕೆ ಬರಲಿ.

ನಮ್ಮ ಲೆಕ್ಕವನ್ನೇ ಹೇಳುತ್ತೇನೆ. ಒಬ್ಬರಿಗೆ ತಿಂಗಳಿಗೆ 11,000 ರೂಪಾಯಿ. 14 ಜನಕ್ಕೆ 1,54,000. ನಾಲ್ಕು ಜನ ಆಯಾಗಳಿಗೆ ತಲಾ 16,000, ಅಡುಗೆಯವರಿಗೆ 12,000, ಬಾಡಿಗೆ 24,000, ವ್ಯಾನು ಮತ್ತು ಡ್ರೈವರ್‌ಗೆ 26,000, ಹಾಲು, ತರಕಾರಿ, ದಿನಸಿ, ಗ್ಯಾಸಿಗೆ 17,000. ಉಳಿಯುವುದು 11,000. ಕರೆಂಟು, ನೀರು, ಫಿನಾಯಿಲ್ ಎಲ್ಲ ಅದರಲ್ಲೇ. ಇದು ಮನೆ ತುಂಬಿದಾಗಿನ ಮಾತು. ಮೊದಲ ಏಳು ತಿಂಗಳು ನಮ್ಮಲ್ಲಿ ಇದ್ದದ್ದು ಮೂರೇ ಜನ. ಮೂವರಿದ್ದರೂ ಇಬ್ಬರು ಆಯಾ ಬೇಕೇ ಬೇಕು. ಒಬ್ಬರು ಅಜ್ಜಿಯನ್ನು ಬಾತ್‌ರೂಮಿಗೆ ಕರ್ಕೊಂಡು ಹೋದರೆ ಉಳಿದಿಬ್ಬರ ಹತ್ತಿರ ಯಾರಿರುತ್ತಾರೆ?

(ಜಿಎಸ್‌ಟಿ ಬಗ್ಗೆಯೂ ಕೇಳುತ್ತಾರೆ. ಸೇವೆ ಕೊಡುವವರು ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು. ನಮ್ಮದು ಈಗ 18 ಲಕ್ಷ 48 ಸಾವಿರ. ಇನ್ನಿಬ್ಬರು ಸೇರಿದರೆ ದಾಟುತ್ತದೆ. ಆಡಿಟರ್ ಹತ್ತಿರ ಮೊದಲೇ ಮಾತಾಡಿ.)

ಸಂಬಳಕ್ಕೇ ಯಾಕೆ ಇಷ್ಟು ಒತ್ತು ಅಂತ ತಿಳಿಯಬೇಕಾದರೆ ಮಧ್ಯಾಹ್ನ ಒಂದು ಗಂಟೆಗೆ ಬಂದು ನೋಡಬೇಕು. ನಮ್ಮಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರಿದ್ದಾರೆ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಸುಮ್ನೆ ಕೂತುಬಿಡುತ್ತಾರೆ, ನುಂಗುವುದು ಮರೆತಿರುತ್ತದೆ. ನಮ್ಮ ಆಯಾ ಅವರನ್ನು ನೆಟ್ಟಗೆ ಕೂರಿಸಿ, ಎದುರಿಗೇ ಸ್ಟೂಲ್ ಹಾಕಿಕೊಂಡು ಕೂರುತ್ತಾಳೆ. ಮೆತ್ತಗೆ ಕಲಸಿದ ಮೊಸರನ್ನ, ಅರ್ಧ ಚಮಚ. "ಮೇಷ್ಟ್ರೇ, ನುಂಗಿ" ಅಂತ ತಾನೂ ಒಂದ್ಸಲ ಗುಟುಕರಿಸಿ ತೋರಿಸುತ್ತಾಳೆ. ಅವಳನ್ನು ನೋಡಿ ಅವರೂ ನುಂಗುತ್ತಾರೆ. ಬಾಯಿ ಖಾಲಿಯಾಗಿದೆಯಾ ಅಂತ ನೋಡಿ ಮುಂದಿನ ಚಮಚ. ಒಂದು ಬಟ್ಟಲಿಗೆ 35 ನಿಮಿಷ. ಅವಸರ ಮಾಡಿದರೆ ಅನ್ನ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಅದೇ ಹೊತ್ತಿಗೆ ಪಕ್ಕದ ಟೇಬಲ್‌ನಲ್ಲಿ ಇನ್ಸುಲಿನ್ ತಗೊಂಡವರು ಇಬ್ಬರು ಕೂತಿರುತ್ತಾರೆ. ಅವರಿಗೆ ಊಟ ತಡವಾಗುವಂತಿಲ್ಲ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ. ಇಬ್ಬರೇ ಆಯಾಗಳಿಂದ ಇಷ್ಟನ್ನೆಲ್ಲ ನಿಭಾಯಿಸಲು ಆಗಲ್ಲ.

ಎರಡನೇ ವರ್ಷ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಬಾತ್‌ರೂಮ್ ಟೈಲ್ಸ್ ಬದಲಾಯಿಸಲು ಜಾಸ್ತಿ ಖರ್ಚಾಯಿತು ಅಂತ ಸಂಬಳ ಹೆಚ್ಚಿಸುವುದನ್ನು ಮುಂದಕ್ಕೆ ಹಾಕಿದೆ. ಮೇಷ್ಟ್ರಿಗೆ ಊಟ ಮಾಡಿಸುತ್ತಿದ್ದವಳು ಮೂರು ಸಾವಿರ ಜಾಸ್ತಿ ಸಿಗುತ್ತದೆ ಅಂತ ಒಂದು ಹೋಮ್ ನರ್ಸಿಂಗ್ ಏಜೆನ್ಸಿಗೆ ಸೇರಿದಳು. ಅವಳ ಮೇಲೆ ನನಗೆ ಬೇಜಾರಿಲ್ಲ, ಮನೆಯಲ್ಲಿ ಓದುವ ಮಕ್ಕಳಿದ್ದಾರೆ. ಆದರೆ ಮೇಷ್ಟ್ರು ಒಂಬತ್ತು ದಿನ ಹೊಸಬಳ ಕೈಯಿಂದ ಸರಿಯಾಗಿ ಉಣ್ಣಲೇ ಇಲ್ಲ. ಎರಡು ಕೆಜಿ ತೂಕ ಇಳಿಯಿತು. ಅವರ ಮಗಳ ಮುಖ ನೋಡುವುದು ನನಗೆ ಕಷ್ಟವಾಗಿತ್ತು. ನಾನೇ ಹೋಗಿ, ಅಷ್ಟೇ ಸಂಬಳ ಕೊಡುತ್ತೇನೆ ಅಂತ ಹೇಳಿ ಅವಳನ್ನು ವಾಪಸ್ ಕರೆದುಕೊಂಡು ಬಂದೆ.

ಡಿಮೆನ್ಷಿಯಾ ಇರುವವರನ್ನು ಸೇರಿಸಿಕೊಳ್ಳುವುದಿಲ್ಲ ಅನ್ನುವವರೂ ಇದ್ದಾರೆ. ಹಾಗಾದರೆ ಯಾರಿಗಾಗಿ ತೆರೆಯುತ್ತೀರಿ? 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ದೇಶದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಜನರಿಗೆ ಈ ತೊಂದರೆ ಇದೆ, ಅಂದರೆ ನೂರಕ್ಕೆ ಏಳಕ್ಕಿಂತ ಜಾಸ್ತಿ. ಗಟ್ಟಿಮುಟ್ಟಾಗಿರುವವರು ಪಾರ್ಕಿಗೆ ಹೋಗುತ್ತಾರೆ, ಭಜನೆಗೆ ಹೋಗುತ್ತಾರೆ. ಒಬ್ಬರನ್ನೇ ಮನೆಯಲ್ಲಿ ಬಿಟ್ಟು ಹೋಗಲಾಗದೆ ಕೆಲಸ ಬಿಡುವ ಮಗಳೋ ಸೊಸೆಯೋ ನಮ್ಮ ಬಾಗಿಲಿಗೆ ಬರುತ್ತಾಳೆ.

ಮನೆಯ ಬಗ್ಗೆ ಎರಡೇ ಮಾತು. ವೀಲ್‌ಚೇರ್ ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ನಮ್ಮ ಮನೆಯ ಜಗಲಿ ಒಂದೂವರೆ ಅಡಿ ಎತ್ತರ, ಹಾಗಾಗಿ ಕಾಂಪೌಂಡಿನೊಳಗೆ 18 ಅಡಿ ಹೋಯಿತು. ಓನರ್ ಒಪ್ಪುತ್ತಾರಾ ಅಂತ ಅಡ್ವಾನ್ಸ್ ಕೊಡುವ ಮೊದಲೇ ಕೇಳಿ. ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ ನೋಡಲು ಚಂದ, ಒದ್ದೆಯಾದರೆ ಜಾರುತ್ತದೆ.

ಇನ್ನು ಸಂಜೆ ನಾಲ್ಕು ಗಂಟೆ. ಬಿಸಿಲು ಇಳಿಯುತ್ತಿದ್ದಂತೆ ಕೆಲವರಿಗೆ ತಳಮಳ ಶುರುವಾಗುತ್ತದೆ. ಒಬ್ಬರು ಅಜ್ಜಿ ದಿನಾ ಬ್ಯಾಗ್ ಹಿಡಿದು ಗೇಟಿನ ಹತ್ತಿರ ನಿಲ್ಲುತ್ತಾರೆ. "ಮಕ್ಕಳು ಸ್ಕೂಲಿಂದ ಬರೋ ಹೊತ್ತಾಯ್ತು, ಬಾಗಿಲು ತೆಗಿಯಮ್ಮ." ಅವರ ಹಿರೀ ಮಗನಿಗೆ ಈಗ 58. ಹೊಸದಾಗಿ ಬಂದ ಹುಡುಗಿ ಒಬ್ಬಳು "ನಿಮ್ಮ ಮಕ್ಕಳು ದೊಡ್ಡವರಾಗಿದ್ದಾರೆ ಅಜ್ಜಿ" ಅಂದಳು. ಅಜ್ಜಿ ಗಾಬರಿಯಾಗಿ ಅತ್ತುಬಿಟ್ಟರು. ಹಳೇ ಆಯಾ ಬಂದು ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟಳು. "ಅಮ್ಮ, ಇಷ್ಟು ಹಿದುಕಿಕೊಟ್ಟು ಹೋಗ್ತೀರಾ? ನನಗೆ ನಿಮ್ಮಷ್ಟು ಚೆನ್ನಾಗಿ ಬರಲ್ಲ." ಅಜ್ಜಿ ಬ್ಯಾಗ್ ಕೆಳಗಿಟ್ಟು ಕೂತರು. ಹೆಬ್ಬೆರಳು, ತೋರುಬೆರಳ ನಡುವೆ ಕಾಳು ಒತ್ತಿದರೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಐದೂವರೆಗೆ ಮಗ ಬರುವಷ್ಟರಲ್ಲಿ ಪಾತ್ರೆ ತುಂಬಿತ್ತು. ಆರು ವರ್ಷ ಜೊತೆಗಿದ್ದವಳಿಗೆ ಮಾತ್ರ ಇದು ಹೊಳೆಯುತ್ತದೆ. ಆರು ವರ್ಷ ಅವಳು ಉಳಿಯಬೇಕಾದರೆ ಪ್ರತಿ ತಿಂಗಳು ಒಂದನೇ ತಾರೀಕು ಅವಳ ಅಕೌಂಟಿಗೆ ದುಡ್ಡು ಬೀಳಬೇಕು, ವರ್ಷಕ್ಕೊಮ್ಮೆ ಹೆಚ್ಚಾಗಬೇಕು, ವಾರಕ್ಕೊಂದು ರಜೆ ಸಿಗಬೇಕು.

ಐದು ಜನರ ಒಂದು ವರ್ಷದ ಸಂಬಳ ನಮ್ಮ ಲೆಕ್ಕದಲ್ಲಿ 9 ಲಕ್ಷ 12 ಸಾವಿರ. ನಿಮ್ಮೂರಿನ ಲೆಕ್ಕ ಬೇರೆ ಇರಬಹುದು, ಹಾಕಿ ನೋಡಿ. ಅದಕ್ಕೂ ಮೊದಲು ಒಂದು ದಿನ ನಮ್ಮಲ್ಲಿಗೆ ಬನ್ನಿ. ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ಇದ್ದು ಹೋಗಿ. ಮೇಷ್ಟ್ರ ಎದುರಿನ ಸ್ಟೂಲ್ ಪಕ್ಕ ಇನ್ನೊಂದು ಸ್ಟೂಲ್ ಹಾಕಿಸಿರುತ್ತೇನೆ.