ಮೊದಲ ದಿನ ತರಗತಿಯಲ್ಲಿ ಏನು ಮಾಡಬೇಕು?

ಪಿಎಚ್‌.ಡಿ. ಮಾಡುತ್ತಲೇ ಕಾಲೇಜಿನಲ್ಲಿ ಪಾಠ ಮಾಡಲು ಹೊರಟ ಕಿರಿಯರು ನನ್ನನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ‘ಅಕ್ಕಾ, ಸಾಹಿತ್ಯದ ತರಗತಿಗೆ ಮೊದಲ ದಿನ ಹೋದಾಗ ಏನು ಮಾಡಬೇಕು?’ ಕೆಲವರು ಹೆದರಿಕೆಯನ್ನು ಹೇಗೆ ಗೆಲ್ಲಬೇಕೆಂದು ಕೇಳುತ್ತಾರೆ, ಕೆಲವರು ಶಿಸ್ತಿನ ಬಗ್ಗೆ ಕೇಳುತ್ತಾರೆ. ಎಲ್ಲರಿಗೂ ನಾನು ಕೊಡುವ ಉತ್ತರ ಚಿಕ್ಕದು. ಒಂದು ಸಣ್ಣ ಪದ್ಯವನ್ನು ತೆಗೆದುಕೊಂಡು ಹೋಗಿ, ಎರಡು ಸಲ ಗಟ್ಟಿಯಾಗಿ ಓದಿ, ಒಂದು ಪ್ರಶ್ನೆ ಕೇಳಿ, ಆಮೇಲೆ ಸುಮ್ಮನಿರಿ. ಇಷ್ಟನ್ನು ಕಲಿಯಲು ನನಗೆ ಒಂದು ಇಡೀ ತರಗತಿ ಕೈತಪ್ಪಿಹೋಗಬೇಕಾಯಿತು. ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನನಗೆ ಮೊದಲ ದಿನವೇ ಎರಡು ತರಗತಿಗಳಿದ್ದವು. ಬಿ.ಎ. ಮೊದಲ ವರ್ಷದ ಎ ವಿಭಾಗಕ್ಕೆ ಬೆಳಿಗ್ಗೆ, ಬಿ ವಿಭಾಗಕ್ಕೆ ಮಧ್ಯಾಹ್ನ. ಎರಡಕ್ಕೂ ಅದೇ ಪಠ್ಯ, ಅದೇ ಐವತ್ತು ನಿಮಿಷ. ಬೆಳಗಿನ ತರಗತಿಗೆಂದು ನಾನು ಹದಿನಾಲ್ಕು ಪುಟಗಳ ಟಿಪ್ಪಣಿ ಬರೆದುಕೊಂಡಿದ್ದೆ. ಸಾಹಿತ್ಯ ಎಂದರೇನು ಎಂಬಲ್ಲಿಂದ ಆರಂಭಿಸಿ, ಕಾವ್ಯದ ವ್ಯಾಖ್ಯೆಗಳು, ವಿಮರ್ಶೆಯ ಪಂಥಗಳು, ಓದಿನ ರಾಜಕಾರಣ ಎಲ್ಲವನ್ನೂ ಅದರಲ್ಲಿ ಅಡಕಮಾಡಿದ್ದೆ. ಆ ಟಿಪ್ಪಣಿ ತಪ್ಪಾಗಿರಲಿಲ್ಲ, ಇಂದಿಗೂ ಅದರ ಒಂದೊಂದು ಮಾತನ್ನೂ ಸಮರ್ಥಿಸಬಲ್ಲೆ. ಆದರೆ ಅದು ನನ್ನ ಮಾರ್ಗದರ್ಶಕರಿಗೆ ಬರೆದದ್ದಾಗಿತ್ತು. ವರ್ಷಗಟ್ಟಲೆ ಒಬ್ಬರೇ ಓದುಗರ ಆಕ್ಷೇಪಗಳನ್ನು ಊಹಿಸುತ್ತ ಅಧ್ಯಾಯಗಳನ್ನು ಬರೆಯುವವರಿಗೆ, ಎದುರಿಗೆ ಬೇರೆಯವರು ಕುಳಿತಿದ್ದಾಗಲೂ ಅದೇ ಓದುಗರಿಗೆ ಉತ್ತರ ಕೊಡುವ ಅಭ್ಯಾಸ ಅಂಟಿಕೊಂಡಿರುತ್ತದೆ. ಸಂಶೋಧನೆಯಿಂದ ನೇರವಾಗಿ ತರಗತಿಗೆ ಬರುವವರ ನಿಜವಾದ ತೊಡಕು ಹೆದರಿಕೆಯಲ್ಲ, ಇದು ಎಂದೇ ನನ್ನ ನಂಬಿಕೆ.

ಐವತ್ತು ನಿಮಿಷವೂ ನಾನೇ ಮಾತನಾಡಿದೆ. ಗಂಟೆ ಹೊಡೆದ ಮೇಲೆ, ಮೊದಲ ಸಾಲಿನಲ್ಲಿದ್ದ ಹುಡುಗನೊಬ್ಬ ಮೇಜಿನ ಹತ್ತಿರ ಬಂದು ಬಹಳ ವಿನಯದಿಂದ ಕೇಳಿದ: ‘ಮೇಡಂ, ಪಾಠ ಯಾವತ್ತಿನಿಂದ ಶುರು?’

ಅವನ ದನಿಯಲ್ಲಿ ಕೊಂಕು ಇರಲಿಲ್ಲ. ಅಂದು ಪೀಠಿಕೆ ಮುಗಿಯಿತು, ಪುಸ್ತಕವನ್ನು ಯಾವಾಗ ತರಬೇಕು ಎಂದು ತಿಳಿದುಕೊಳ್ಳಲು ಬಂದಿದ್ದ, ಅಷ್ಟೆ. ಅವನ ತಿಳಿವಳಿಕೆ ಸರಿಯಾಗಿಯೇ ಇತ್ತು. ಸಾಹಿತ್ಯದ ತರಗತಿಯಲ್ಲಿ ಐವತ್ತು ನಿಮಿಷ ಕುಳಿತಿದ್ದರೂ ಅವನಿಗೆ ಸಾಹಿತ್ಯದ ಒಂದು ಸಾಲೂ ಕಿವಿಗೆ ಬಿದ್ದಿರಲಿಲ್ಲ.

ಮಧ್ಯಾಹ್ನದ ತರಗತಿಗೆ ಎರಡು ಗಂಟೆ ಉಳಿದಿತ್ತು. ನನ್ನ ಚೀಲದಲ್ಲಿ ಗೆಳತಿಯೊಬ್ಬಳು ಓದಲು ಕೊಟ್ಟಿದ್ದ, ಇನ್ನೂ ಎಲ್ಲೂ ಅಚ್ಚಾಗದ ಎಂಟು ಸಾಲಿನ ಪದ್ಯವಿತ್ತು. ಅವಳಿಗೆ ಫೋನ್ ಮಾಡಿ ಒಪ್ಪಿಗೆ ಪಡೆದು, ಅವಳ ಹೆಸರನ್ನು ಬಿಟ್ಟು ಪದ್ಯವನ್ನಷ್ಟೇ ಜೆರಾಕ್ಸ್ ಮಾಡಿಸಿದೆ. ಹೆಸರು ಬಿಡುವ ಉಪಾಯ ನನ್ನದಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ 1920ರ ದಶಕದಲ್ಲಿ ಸಾಹಿತ್ಯ ಪಾಠ ಮಾಡುತ್ತಿದ್ದ ವಿಮರ್ಶಕ ಐ. ಎ. ರಿಚರ್ಡ್ಸ್ ಹದಿಮೂರು ಪದ್ಯಗಳನ್ನು ಕವಿಗಳ ಹೆಸರಿಲ್ಲದೆ ವಿದ್ಯಾರ್ಥಿಗಳಿಗೆ ಹಂಚಿ, ಅನಿಸಿದ್ದನ್ನು ಬರೆದುಕೊಡಲು ಹೇಳಿದ್ದರು; ಹಾಗೆ ಬಂದ ಬರಹಗಳನ್ನು ಪರಿಶೀಲಿಸಿ 1929ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಹೆಸರಾಂತ ಕವಿಗಳ ರಚನೆಗಳನ್ನು ವಿದ್ಯಾರ್ಥಿಗಳು ತಳ್ಳಿಹಾಕಿದ್ದೂ, ಸಾಧಾರಣ ಪದ್ಯಗಳನ್ನು ಹೊಗಳಿದ್ದೂ ಅದರಿಂದ ಬಯಲಾಯಿತು. ಈ ಪ್ರಯೋಗವನ್ನು ವಿದ್ಯಾರ್ಥಿಗಳ ಅಭಿರುಚಿ ಎಷ್ಟು ಕೆಟ್ಟದೆಂದು ತೋರಿಸುವ ಕಥೆಯಾಗಿ ಹೇಳುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ಹೆಸರು ಕಾಣದಾಗ ಓದುಗರ ಕೈಯಲ್ಲಿ ಉಳಿಯುವುದು ಪದಗಳು ಮಾತ್ರ, ಪದಗಳನ್ನೇ ನೋಡುವುದನ್ನು ಯಾರೂ ಅವರಿಗೆ ಕಲಿಸಿರಲಿಲ್ಲ ಎಂಬುದೇ ಅದರಿಂದ ತಿಳಿಯಬೇಕಾದದ್ದು.

ಬಿ ವಿಭಾಗದಲ್ಲಿ ನನ್ನ ಹೆಸರು ಹೇಳಿ, ಹಾಜರಿ ತೆಗೆದುಕೊಂಡು, ಹಾಳೆಗಳನ್ನು ಹಂಚಿ, ಪದ್ಯವನ್ನು ನಿಧಾನವಾಗಿ ಓದಿದೆ. ಇನ್ನೊಮ್ಮೆ ಓದಿದೆ. ಒಬ್ಬ ಹೆಂಗಸು ಸಂಜೆ ಮನೆಗೆ ಬರುವುದಷ್ಟೇ ಅದರ ವಸ್ತು. ಮೊದಲ ಆರು ಸಾಲುಗಳಲ್ಲಿ ಅವಳು ಬಾಗಿಲು ತೆರೆಯುತ್ತಾಳೆ, ದೀಪ ಹಚ್ಚುತ್ತಾಳೆ, ಬಟ್ಟೆಗಳನ್ನು ಮಡಚಿಡುತ್ತಾಳೆ, ಹಳೆಯ ಕಾಗದವೊಂದನ್ನು ಓದುತ್ತಾಳೆ, ಅದನ್ನು ದಿಂಬಿನ ಕೆಳಗಿಡುತ್ತಾಳೆ, ಹೊಸ್ತಿಲ ಮೇಲೆ ಕೂರುತ್ತಾಳೆ. ಕೊನೆಯ ಎರಡು ಸಾಲುಗಳಲ್ಲಿ ದೀಪ ಉರಿಯುತ್ತಿತ್ತು, ಬಾಗಿಲು ತೆರೆದೇ ಇತ್ತು ಎಂದಷ್ಟೇ ಇದೆ.

‘ಈ ಪದ್ಯದಲ್ಲಿ ನಿಮ್ಮ ಗಮನ ಎಲ್ಲಿ ನಿಂತಿತು?’ ಎಂದು ಕೇಳಿದೆ. ಯಾರೂ ಮಾತನಾಡಲಿಲ್ಲ.

ಇಲ್ಲಿಯೇ ಹೊಸಬರು ಸೋಲುವುದು. ಪ್ರಶ್ನೆ ಕೇಳಿದ ಮರುಕ್ಷಣ ಮೌನ ತಾಳಲಾರದೆ ನಾವೇ ಉತ್ತರ ಹೇಳಿಬಿಡುತ್ತೇವೆ, ಇಲ್ಲವೇ ಪ್ರಶ್ನೆಯನ್ನು ಇನ್ನಷ್ಟು ಸುಲಭ ಮಾಡಲು ಹೋಗಿ ಕೆಡಿಸುತ್ತೇವೆ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣಗಳನ್ನು ಅಭ್ಯಾಸ ಮಾಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಕಾಯುತ್ತಿದ್ದುದು ಸುಮಾರು ಒಂದೇ ಸೆಕೆಂಡು ಎಂದು ಕಂಡುಬಂದಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಬಾಯಿಬಿಟ್ಟರು, ವಿದ್ಯಾರ್ಥಿಗಳು ತಾವಾಗಿ ಕೇಳುವ ಪ್ರಶ್ನೆಗಳೂ ಹೆಚ್ಚಿದವು. ವಿಜ್ಞಾನದ ತರಗತಿಗೆ ಮೂರು ಸೆಕೆಂಡು ಸಾಕಾದರೆ ಪದ್ಯಕ್ಕೆ ಅದು ಸಾಲದು. ಓದಿದ್ದನ್ನು ಮತ್ತೊಮ್ಮೆ ಕಣ್ಣಾಡಿಸಿ ನೋಡಲೇ ಅರ್ಧ ನಿಮಿಷ ಬೇಕು. ಆ ದಿನ ನಾನು ಕೈಯಲ್ಲಿದ್ದ ಹಾಳೆಯನ್ನೇ ನೋಡುತ್ತ ಮನಸ್ಸಿನಲ್ಲಿ ಒಂದು, ಎರಡು ಎಂದು ಎಣಿಸುತ್ತ ನಿಂತೆ. ಇಪ್ಪತ್ತು ದಾಟಿತ್ತು.

‘ಮೇಡಂ, ಅವಳು ಎಲ್ಲಿ ಹೋದಳು?’ ಎಂದು ಕಿಟಕಿಯ ಪಕ್ಕದಲ್ಲಿದ್ದ ಹುಡುಗಿ ಕೇಳಿದಳು.

ಎಲ್ಲಿಗೂ ಹೋಗಿಲ್ಲವಲ್ಲ, ಹೊಸ್ತಿಲ ಮೇಲೆ ಕೂತಿದ್ದಾಳಲ್ಲ ಎಂದು ಪಕ್ಕದವಳು ಹೇಳಿದಳು. ‘ಆರನೆಯ ಸಾಲಿನವರೆಗೆ ಇದ್ದಾಳೆ. ಎಲ್ಲ ಸಾಲೂ ಳು, ಳು ಅಂತ ಮುಗಿಯುತ್ತೆ, ತೆರೆದಳು, ಹಚ್ಚಿದಳು, ಕೂತಳು. ಆಮೇಲೆ ಇತ್ತು, ಇತ್ತು ಅಂತ ಆಗಿಬಿಡುತ್ತೆ. ಅವಳೇ ಇಲ್ಲ’ ಎಂದಳು ಮೊದಲ ಹುಡುಗಿ.

ಆ ಪದ್ಯವನ್ನು ನಾನು ಹತ್ತಾರು ಸಲ ಓದಿದ್ದೆ. ಕೊನೆಗೆ ಬಂದಾಗ ಮನೆ ಒಮ್ಮೆಲೇ ಬರಿದಾದಂತೆ ಅನ್ನಿಸುತ್ತಿದ್ದುದು ನಿಜ, ಆದರೆ ಅದಕ್ಕೆ ಕಾರಣ ಕ್ರಿಯಾಪದದ ಕೊನೆಯ ಅಕ್ಷರದಲ್ಲಿದೆ ಎಂದು ಹೊಳೆದಿರಲಿಲ್ಲ. ಕನ್ನಡದಲ್ಲಿ ಕರ್ತೃಪದವನ್ನು ಬಿಟ್ಟರೂ ಅದರ ಲಿಂಗ ಮತ್ತು ವಚನ ಕ್ರಿಯಾಪದದಲ್ಲಿ ಉಳಿದುಕೊಂಡಿರುತ್ತವೆ. ಪದ್ಯದಲ್ಲಿ ‘ಅವಳು’ ಎಂಬ ಪದ ಒಮ್ಮೆಯೂ ಬಾರದಿದ್ದರೂ ಆರು ಸಾಲು ಅವಳೇ ತುಂಬಿಕೊಂಡಿದ್ದಳು. ಏಳನೆಯ ಸಾಲಿನಲ್ಲಿ ಕ್ರಿಯೆ ನಪುಂಸಕಕ್ಕೆ ತಿರುಗಿದ ಕೂಡಲೇ, ಹೋದಳೆಂದು ಯಾರೂ ಹೇಳದೆಯೇ, ಅವಳು ಇಲ್ಲವಾಗುತ್ತಾಳೆ. ವಾಚ್ಯಾರ್ಥದಲ್ಲಿ, ಅಂದರೆ ಪದಗಳ ನೇರ ಅರ್ಥದಲ್ಲಿ, ಎಲ್ಲೂ ಇಲ್ಲದ್ದು ಓದುವವರಿಗೆ ತಟ್ಟುವುದನ್ನೇ ಒಂಬತ್ತನೆಯ ಶತಮಾನದ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ ಧ್ವನಿ ಎಂದು ಕರೆದದ್ದು. ಬೆಳಿಗ್ಗೆ ಅದೇ ಧ್ವನಿಯ ಬಗ್ಗೆ ನಾನು ಏಳು ನಿಮಿಷ ವಿವರಿಸಿದ್ದೆ. ಈಗ ಆ ಹೆಸರು ಗೊತ್ತಿಲ್ಲದ ಹುಡುಗಿ ಅದನ್ನು ಬೆರಳಿಟ್ಟು ತೋರಿಸಿದ್ದಳು. ಹೆಸರನ್ನು ನಾನು ಅಂದು ಹೇಳಲಿಲ್ಲ. ಮೂರು ವಾರದ ನಂತರ ಪಠ್ಯದಲ್ಲಿ ಆ ಶಬ್ದ ಬಂದಾಗ ಇಡೀ ತರಗತಿಗೆ ಅದರ ಉದಾಹರಣೆ ಆಗಲೇ ಬಾಯಿಗೆ ಬಂದಿತ್ತು.

ಆಮೇಲಿನ ಅರ್ಧ ಗಂಟೆ ಹೇಗೆ ಕಳೆಯಿತೋ ತಿಳಿಯಲಿಲ್ಲ. ಅವಳು ಸತ್ತಳು ಎಂದು ಕೆಲವರು, ಮನೆ ಬಿಟ್ಟು ಹೊರಟಳು ಎಂದು ಕೆಲವರು. ನನ್ನ ಪಾಲಿಗಿದ್ದ ಕೆಲಸ ಒಂದೇ, ಯಾರು ಏನೇ ಹೇಳಿದರೂ ‘ಯಾವ ಸಾಲು ಹಾಗೆ ಹೇಳುತ್ತದೆ?’ ಎಂದು ಕೇಳುವುದು. ಬಟ್ಟೆ ಮಡಚಿಟ್ಟದ್ದು ಹೊರಡುವ ಸಿದ್ಧತೆ ಎಂದು ಒಬ್ಬ ಹೇಳಿದರೆ, ಹೊರಡುವವಳು ಕಾಗದವನ್ನು ದಿಂಬಿನ ಕೆಳಗೆ ಬಿಟ್ಟುಹೋಗುತ್ತಾಳೆಯೇ ಎಂದು ಇನ್ನೊಬ್ಬಳು ತಡೆದಳು. ಸಾಹಿತ್ಯದಲ್ಲಿ ಯಾರು ಏನು ಬೇಕಾದರೂ ಹೇಳಬಹುದು ಎಂಬ ತಪ್ಪು ಕಲ್ಪನೆಯನ್ನು ಹೊತ್ತು ಬರುವವರಿಗೆ ಉಪದೇಶದಿಂದ ಅದು ಬಿಡುವುದಿಲ್ಲ, ಇಂಥ ಒಂದು ತಡೆಯಿಂದ ಬಿಡುತ್ತದೆ.

ಇಷ್ಟು ಹೇಳಿದ ಮೇಲೆ ಕೆಲವರು ಮರುಪ್ರಶ್ನೆ ಹಾಕುತ್ತಾರೆ: ‘ನಮ್ಮ ವಿದ್ಯಾರ್ಥಿಗಳಿಗೆ ಅಷ್ಟು ಅಭಿರುಚಿ ಇಲ್ಲದಿದ್ದರೆ?’ ಈ ಮಾತು ನನಗೆ ನೋವು ಕೊಡುತ್ತದೆ. ಕಾವ್ಯವನ್ನು ಸವಿಯಬಲ್ಲವರು ಎಂಬರ್ಥದ ಸಹೃದಯ ಎಂಬ ಪದವನ್ನು ಹುಟ್ಟಿನಿಂದ ಬಂದ ಸಂಪತ್ತೆಂಬಂತೆ ನಾವು ಬಳಸುತ್ತೇವೆ, ಆದರೆ ಆನಂದವರ್ಧನನ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ಹೇಳುವ ಸಹೃದಯ ಬೇರೆ. ಕಾವ್ಯದ ನಿರಂತರ ಅಭ್ಯಾಸದಿಂದ ಯಾರ ಮನಸ್ಸೆಂಬ ಕನ್ನಡಿ ತಿಳಿಯಾಗಿದೆಯೋ ಅವರು. ಅಭ್ಯಾಸವೇ ಮೊದಲ ಷರತ್ತಾದರೆ, ಆ ಅಭ್ಯಾಸ ನಡೆಯಬೇಕಾದ ಜಾಗ ತರಗತಿಯೇ ಅಲ್ಲವೇ?

ಉಳಿದ ಪ್ರಶ್ನೆಗಳಿಗೆ ಉತ್ತರ ಸುಲಭ. ವಯಸ್ಸಿನ ಅಂತರ ಕಡಿಮೆಯೆಂದು ದನಿ ಬಿಗಿ ಮಾಡಿಕೊಳ್ಳಬೇಕಾಗಿಲ್ಲ. ಹೆಸರುಗಳನ್ನು ಬೇಗ ಕಲಿಯಿರಿ. ಪಠ್ಯಕ್ರಮ, ಪರೀಕ್ಷೆ, ಅಂಕಗಳ ವಿವರಕ್ಕೆ ಕೊನೆಯ ಹತ್ತು ನಿಮಿಷ ಸಾಕು. ಗೊತ್ತಿಲ್ಲದ್ದನ್ನು ಕೇಳಿದರೆ ಗೊತ್ತಿಲ್ಲವೆಂದು ಹೇಳಿ, ನಾಳೆ ಹೇಳುತ್ತೇನೆಂದು ಮಾತು ಕೊಟ್ಟರೆ ನಾಳೆಯೇ ಹೇಳಿ.

ನನಗೂ ಅಂಥ ಒಂದು ಮಾತು ಉಳಿದಿತ್ತು. ಗಂಟೆ ಹೊಡೆಯುವ ಮುನ್ನ ಆ ಹುಡುಗಿ, ಬರೆದವರು ಇದನ್ನು ಬೇಕೆಂದೇ ಮಾಡಿದ್ದಾರೆಯೇ ಎಂದು ಕೇಳಿದ್ದಳು. ರಾತ್ರಿ ಗೆಳತಿಗೆ ಫೋನ್ ಮಾಡಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತನಗೆ ಅದು ಗೊತ್ತೇ ಇರಲಿಲ್ಲ ಎಂದಳು. ಮರುದಿನ ಅವಳ ಮಾತನ್ನು ಇದ್ದಂತೆಯೇ ತರಗತಿಗೆ ತಿಳಿಸಿದೆ. ಕವಿಗೇ ಗೊತ್ತಿಲ್ಲದ ಮೇಲೆ ಅದು ಪದ್ಯದಲ್ಲಿದೆ ಎಂದು ಹೇಗೆ ಹೇಳುವುದು ಎಂದು ಒಬ್ಬ ಎದ್ದು ನಿಂತ. ಕಿಟಕಿಯ ಪಕ್ಕದ ಹುಡುಗಿ ಹಾಳೆಯನ್ನು ಎತ್ತಿ ಹಿಡಿದು, ‘ಇಲ್ಲಿ ಇದೆಯಲ್ಲ’ ಎಂದಳು. ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಪಾಠವನ್ನು ಪಕ್ಕಕ್ಕಿಟ್ಟು, ಇಬ್ಬರ ಮಾತನ್ನೂ ಹಲಗೆಯ ಮೇಲೆ ಬರೆದೆ.