ಎಳೆದರೆ ಬಿಚ್ಚಬೇಕು, ಗಾಳಿಗೆ ಬಿಚ್ಚಬಾರದು

ನಮ್ಮ ಕಾಲೊನಿಯಲ್ಲಿ ಯಾರ ಮಕ್ಕಳು ಎಷ್ಟು ದೊಡ್ಡವರಾದರು ಅಂತ ತಿಳಿಯಬೇಕಾದರೆ ಆಗಸ್ಟ್ 15ರ ಬೆಳಿಗ್ಗೆ ಅವರ ಕೈಯಲ್ಲಿ ಯಾವ ಕೆಲಸ ಇದೆ ಅಂತ ನೋಡಿದರೆ ಸಾಕು.

ಎಲ್ಲರಿಗಿಂತ ಚಿಕ್ಕವರಿಗೆ ಕಾಗದದ ಬಾವುಟ ಆಯುವ ಕೆಲಸ. ಕಾರ್ಯಕ್ರಮ ಮುಗಿದ ಮೇಲೆ ನೆಲಕ್ಕೆ ಬಿದ್ದದ್ದನ್ನೆಲ್ಲ ಹೆಕ್ಕಿ ಬುಟ್ಟಿಗೆ ಹಾಕಬೇಕು. ಕಾಗದದ್ದಾದರೂ ನೆಲದ ಮೇಲೆ ಬಿಟ್ಟು ಹೋಗುವಂತಿಲ್ಲ. ಧ್ವಜಸಂಹಿತೆಯಲ್ಲೇ ಹಾಗಿದೆ. ಸ್ವಲ್ಪ ದೊಡ್ಡವರಾದರೆ ಹೂ ತರುವುದು. ಐದನೇ ಕ್ಲಾಸಿಗೆ ಬಂದರೆ ಕುರ್ಚಿ ಜೋಡಿಸುವುದು, ಸುಣ್ಣದ ಗೆರೆ ಹಾಕುವುದು. ಹೈಸ್ಕೂಲು ಸೇರಿದರೆ ಮೈಕು. ಮೈಕಿಗೆ ಸದಾ ಜಗಳ. ಆದರೆ ಎಲ್ಲಕ್ಕಿಂತ ಮೇಲಿನ ಕೆಲಸ ಮೈಕಲ್ಲ, ಧ್ವಜ ಕಟ್ಟುವುದು.

ಇದನ್ನು ಯಾರೂ ಬರೆದಿಟ್ಟಿಲ್ಲ. ಹಿಂದಿನ ವರ್ಷದವರು ಮುಂದಿನವರಿಗೆ ಒಪ್ಪಿಸುತ್ತ ಬಂದಿದ್ದಾರೆ, ಅಷ್ಟೇ. ನನ್ನ ಎರಡೂ ಮಕ್ಕಳು ಈ ಮೆಟ್ಟಿಲು ಹತ್ತಿಯೇ ಬೆಳೆದರು. ಮಗ ಮೊದಲ ಸಲ ಯಾರ ಆಸರೆಯೂ ಇಲ್ಲದೆ ಹೆಜ್ಜೆ ಇಟ್ಟದ್ದೂ ಒಂದು ಜನವರಿ 26ರಂದು, ಧ್ವಜದ ಕಟ್ಟೆ ಬಿಟ್ಟು ನನ್ನ ಕಡೆಗೆ. ಅವರಪ್ಪ ಅದನ್ನು ಫೋನಿನಲ್ಲಿ ಹಿಡಿದರು. ಆ ವಿಡಿಯೊದಲ್ಲಿ ಮಗನಿಗಿಂತ ಜಾಸ್ತಿ ಯಾರದೋ ಬೆನ್ನು ಕಾಣುತ್ತದೆ.

ಧ್ವಜ ಕಟ್ಟುವುದು ನೋಡಿದಷ್ಟು ಸುಲಭ ಇಲ್ಲ. ಮೊದಲು ಕೇಸರಿ ಮೇಲೆ ಬರುತ್ತದೆಯೇ ಅಂತ ನೋಡಬೇಕು. ಒಮ್ಮೆ ನೋಡಿದರೆ ಸಾಲದು, ಮಡಚಿದ ಮೇಲೆ ಇನ್ನೊಮ್ಮೆ ನೋಡಬೇಕು. ಒಳಗೆ ಹೂವಿನ ಎಸಳು ತುಂಬಬೇಕು. ಜಾಸ್ತಿ ತುಂಬಿದರೆ ಗಂಟು ನಿಲ್ಲುವುದಿಲ್ಲ, ಕಡಿಮೆ ಆದರೆ ಕೆಳಗೆ ನಿಂತ ಮಕ್ಕಳು ಸಪ್ಪೆ ಮುಖ ಮಾಡುತ್ತಾರೆ. ಆಮೇಲೆ ಜಾರುಗಂಟು. ಆಗಸ್ಟ್ 15ರಂದು ಧ್ವಜ ಕಂಬದ ಬುಡದಿಂದ ಮೇಲೆ ಏರಬೇಕು, ತುದಿ ಮುಟ್ಟಿದ ಮೇಲೆ ಬಿಚ್ಚಿಕೊಳ್ಳಬೇಕು. ಜನವರಿ 26ರಂದು ಮೊದಲೇ ತುದಿಯಲ್ಲಿ ಕಟ್ಟಿಟ್ಟಿರುತ್ತದೆ, ಬಿಚ್ಚಿದರೆ ಸಾಕು. ಒಂದು ಸ್ವಾತಂತ್ರ್ಯ ಬಂದ ದಿನ, ಇನ್ನೊಂದು ಆಗಲೇ ಸ್ವತಂತ್ರವಾಗಿದ್ದ ದೇಶ ಗಣರಾಜ್ಯವಾದ ದಿನ, ಅದಕ್ಕೇ ಈ ವ್ಯತ್ಯಾಸ ಅಂತ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಕಟ್ಟುವವರಿಗೆ ಮಾತ್ರ ಜನವರಿಯೇ ಹೆದರಿಕೆ. ಬೆಳಗಿನ ಗಾಳಿಗೆ ಯಾರೂ ಎಳೆಯದೆ ತಾನೇ ಬಿಚ್ಚಿಕೊಂಡರೆ ಏನು ಮಾಡುವುದು?

ನಮ್ಮ ಬೀದಿಯ ನಿವೃತ್ತ ಪಿ.ಟಿ. ಮಾಸ್ತರರು ಈ ವಿದ್ಯೆಯ ಗುರುಗಳು. "ಎಳದ್ರ ಬಿಚ್ಚಬೇಕು, ಗಾಳಿಗೆ ಬಿಚ್ಚಬಾರ್ದು. ಇಷ್ಟ ನೋಡು" ಅನ್ನುತ್ತಾರೆ. ಅವರ ಪಾಠ ಅಲ್ಲಿಗೆ ಮುಗಿಯಿತು.

ಬಹಳ ವರ್ಷ ಇದು ಗಂಡು ಹುಡುಗರ ಕೆಲಸವಾಗಿತ್ತು. ಹೆಣ್ಣು ಮಕ್ಕಳದು ರಂಗೋಲಿ ಮತ್ತು ಪ್ರಾರ್ಥನೆ. ನಾವು ಹೆಂಗಸರು ಸಮುದಾಯ ಭವನದ ಹಿಂದೆ, ಉಪ್ಪಿಟ್ಟಿನ ಪಾತೇಲಿ ಹತ್ತಿರ. ಅಲ್ಲಿಂದ ಕಂಬದ ತುದಿ ಕಾಣುತ್ತಿತ್ತು, ಬುಡ ಕಾಣುತ್ತಿರಲಿಲ್ಲ. ರಾಷ್ಟ್ರಗೀತೆಗೆ 52 ಸೆಕೆಂಡು. ಅಷ್ಟು ಹೊತ್ತು ಕೈಯಾಡಿಸದಿದ್ದರೆ ರವೆ ತಳ ಹಿಡಿಯುತ್ತದೆ. ಅದಕ್ಕೆ ಮೈಕಿನಲ್ಲಿ "ಸಾವಧಾನ್" ಅಂದ ಕೂಡಲೇ ಗ್ಯಾಸ್ ಆರಿಸಿ, ಸೌಟು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಲ್ಲುತ್ತಿದ್ದೆವು. ನನ್ನ ದೇಶಭಕ್ತಿಗೆ ಇಂದಿಗೂ ಒಗ್ಗರಣೆಯ ವಾಸನೆ ಇದೆ.

ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಇದು ಬದಲಾಯಿತು. ಯಾರೂ ಸಭೆ ಮಾಡಿ ಬದಲಾಯಿಸಲಿಲ್ಲ, ಮಳೆ ಬದಲಾಯಿಸಿತು. ಹುಬ್ಬಳ್ಳಿಯ ಆಗಸ್ಟ್ ಗೊತ್ತಲ್ಲ, ಜಿಟಿಜಿಟಿ ಹಿಡಿದರೆ ಬಿಡುವುದಿಲ್ಲ. ರಾತ್ರಿಯೇ ಕಟ್ಟಿಟ್ಟಿದ್ದ ಧ್ವಜದ ನೂಲಿನ ದಾರ ನೆನೆದು ಬಿಗಿಯಾಗಿತ್ತು. ಅತಿಥಿಗಳು ಎಳೆದರು. ಬಿಚ್ಚಲಿಲ್ಲ. ಜೋರಾಗಿ ಎಳೆದರು. ಇನ್ನೂ ಬಿಗಿಯಾಯಿತು. ಸುತ್ತ ನಿಂತ ಗಂಡಸರೆಲ್ಲ ಸಲಹೆ ಕೊಟ್ಟರು. ಒಬ್ಬರು ಎಡಕ್ಕೆ ಅಂದರು, ಒಬ್ಬರು ಬಲಕ್ಕೆ. ಅಷ್ಟರಲ್ಲಿ ಇವಳು ರಂಗೋಲಿ ಡಬ್ಬಿ ಕೆಳಗಿಟ್ಟು ಹೋಗಿ, ಹಗ್ಗ ಇಳಿಸಿ, ಹಲ್ಲಿನಿಂದ ಗಂಟು ಸಡಿಲಿಸಿ, ಮತ್ತೆ ಕಟ್ಟಿ ಏರಿಸಿಕೊಟ್ಟಳು. ಮಾಸ್ತರರು ಹುಡುಗರಿಗೆ ಹೇಳಿಕೊಡುವಾಗ ಪಕ್ಕದಲ್ಲಿ ರಂಗೋಲಿ ಹಾಕುತ್ತಲೇ ಎಲ್ಲ ನೋಡಿಕೊಂಡಿದ್ದಳಂತೆ.

ನಾನು ಹಿಂದಿನಿಂದ ಓಡಿ ಬರುವಷ್ಟರಲ್ಲಿ ಎಸಳು ಉದುರುತ್ತಿತ್ತು. ಪೂರ್ತಿ ನೋಡಲು ಸಿಗಲಿಲ್ಲ. ಮಾರನೇ ವರ್ಷದಿಂದ ಉಪ್ಪಿಟ್ಟಿನ ಒಲೆಯನ್ನು ಭವನದ ಮುಂದಕ್ಕೆ ತರಿಸಿದೆ. "ಮುಂದ ಹೊಗಿ ಆಗ್ತೈತಿ" ಅಂತ ಗೊಣಗಿದವರು ಇದ್ದರು. ಆಗಲಿ ಬಿಡಿ ಅಂದೆ.

ಭಾಷಣಗಳ ಬಗ್ಗೆ ನನಗೆ ಅಂಥ ಪ್ರೀತಿ ಇಲ್ಲ. ದೊಡ್ಡವರದು ಉದ್ದ, ಮಕ್ಕಳದು ಬಾಯಿಪಾಠ. ಆದರೆ ಒಂದು ಭಾಷಣ ನೆನಪಿದೆ. ಮಗನಿಗೆ ಧ್ವನಿ ಒಡೆಯುತ್ತಿದ್ದ ವರ್ಷ ಅದು. ಒಂದು ಸಾಲು ಗಂಡಸಿನ ಹಾಗೆ, ಮುಂದಿನದು ಕೀಚಲು. ಮೈಕಿನಲ್ಲಿ ಅದು ಇನ್ನೂ ದೊಡ್ಡದಾಗಿ ಕೇಳಿ ಗೆಳೆಯರೆಲ್ಲ ಕಿಸಕಿಸ ನಕ್ಕರು. ಅವನು ಕೆಂಪಾಗಿ, ಆದರೂ ಬಿಡದೆ ಓದುತ್ತಿದ್ದ. ಓದುತ್ತಿದ್ದದ್ದು ನಾರಾಯಣ ಡೋಣಿ ಬಗ್ಗೆ. 1942ರ ಚಳವಳಿಯಲ್ಲಿ ನಮ್ಮ ಹುಬ್ಬಳ್ಳಿಯಲ್ಲೇ ಪೊಲೀಸರ ಗುಂಡಿಗೆ ಬಲಿಯಾದ ಬಾಲಕ. ಊರಿನ ಮಕ್ಕಳೆಲ್ಲ ಒಂದಲ್ಲ ಒಂದು ವರ್ಷ ಆ ಹೆಸರು ಹೇಳಿಯೇ ಹೇಳುತ್ತಾರೆ. "ದೇಶಕ್ಕಾಗಿ ಪ್ರಾಣ ಕೊಟ್ಟರು" ಅಂತ ಒಂದೇ ಉಸಿರಿಗೆ ಮುಗಿಸುತ್ತಾರೆ.

ಅಲ್ಲಿಯವರೆಗೆ ನಾನೂ ಹಾಗೇ ಕೇಳಿಸಿಕೊಂಡಿದ್ದೆ. ಅವತ್ತು ಆ ಒಡಕು ಧ್ವನಿಯಲ್ಲಿ ಕೇಳಿದಾಗ ಹೊಟ್ಟೆಯಲ್ಲಿ ಏನೋ ಆಯಿತು. ಆ ಹುಡುಗನ ಧ್ವನಿ ಒಡೆದಿತ್ತೋ ಇಲ್ಲವೋ! "ಹೊರಗ ಹೋಗಬ್ಯಾಡ" ಅಂತ ಅವರವ್ವ ಹೇಳಿದ್ದಿರಬಹುದು. ನಾನಾಗಿದ್ದರೆ ಖಂಡಿತ ಹೇಳುತ್ತಿದ್ದೆ, ಬಾಗಿಲಿಗೆ ಚಿಲಕ ಹಾಕುತ್ತಿದ್ದೆ. ಸ್ವಾತಂತ್ರ್ಯ ಹೋರಾಟದ ಕಥೆಯಲ್ಲಿ ಅವ್ವಂದಿರು ಯಾವಾಗಲೂ ತಿಲಕ ಇಟ್ಟು ಕಳಿಸುತ್ತಾರೆ. ಎಲ್ಲರೂ ಹಾಗೆ ಕಳಿಸಿದರು ಅಂತ ನನಗೆ ನಂಬಿಕೆ ಬರುವುದಿಲ್ಲ. ಚಿಲಕ ಹಾಕಿಟ್ಟವರೂ ಇದ್ದಾರು, ಚಿಲಕ ತೆಗೆದುಕೊಂಡು ಓಡಿದ ಮಕ್ಕಳೂ ಇದ್ದಾರು.

ಇನ್ನು ನವೆಂಬರ್ 1. ಅದು ನಮ್ಮ ಮಾವನವರ ಹಬ್ಬವಾಗಿತ್ತು. ಅವರು ಹುಟ್ಟಿದ್ದು, ಓದಿದ್ದು, ಅಂಗಡಿ ಇಟ್ಟದ್ದು ಎಲ್ಲ ಇದೇ ಊರಲ್ಲಿ. ಆದರೆ ಚಿಕ್ಕವರಿದ್ದಾಗ ಈ ಊರು ಮುಂಬೈ ರಾಜ್ಯದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯಿತು. "ನಾ ಎಲ್ಲೂ ಹೋಗ್ಲಿಲ್ಲವಾ, ರಾಜ್ಯನ ನನ್ನ ಹುಡುಕ್ಕೊಂಡು ಬಂತು" ಅನ್ನುತ್ತಿದ್ದರು. 1953ರಲ್ಲಿ ಏಕೀಕರಣಕ್ಕಾಗಿ ಅದರಗುಂಚಿ ಶಂಕರಗೌಡರು ಉಪವಾಸ ಕೂತಾಗ ಇವರು ಶಾಲೆಯ ಹುಡುಗ. ಅದರಗುಂಚಿ ನಮ್ಮೂರಿಗೆ ಹತ್ತಿರದ ಹಳ್ಳಿ. ದೊಡ್ಡವರು ದಿನಾ ಬೆಳಿಗ್ಗೆ ಎದ್ದು "ಗೌಡ್ರು ಹೆಂಗದಾರ" ಅಂತ ಕೇಳುತ್ತಿದ್ದದ್ದು ಅವರಿಗೆ ನೆನಪಿತ್ತು.

ಆ ದಿನ ಮನೆಯಲ್ಲಿ ಹೋಳಿಗೆ ಆಗಲೇಬೇಕು. ದೀಪಾವಳಿ ಎರಡು ದಿನ ಹಿಂದೆ ಇರಲಿ, ಮುಂದೆ ಇರಲಿ, ಬೇಳೆ ಬೇಯಲೇಬೇಕು. ಮಕ್ಕಳಿಗೆ ಹಳದಿ-ಕೆಂಪು ಶಾಲು ಹೊದಿಸಿ ಬಾಗಿಲ ಮುಂದೆ ನಿಲ್ಲಿಸಿ ಫೋಟೊ ತೆಗೆಸುತ್ತಿದ್ದರು. ಪ್ರತಿ ವರ್ಷ ಅದೇ ಬಾಗಿಲು, ಅದೇ ಶಾಲು. ಮೊದಲ ಫೋಟೊದಲ್ಲಿ ಮಗಳಿಗೆ ಶಾಲು ನೆಲಕ್ಕೆ ಮುಟ್ಟುತ್ತದೆ, ಕೊನೆಯದರಲ್ಲಿ ಮೊಣಕಾಲಿಗೂ ಬರುವುದಿಲ್ಲ. ಮಾವನವರು ತೀರಿಕೊಂಡ ವರ್ಷ ಹೋಳಿಗೆ ಮಾಡಲು ಮನಸ್ಸಾಗಲಿಲ್ಲ. ಮಗ ಬಂದು "ಅಜ್ಜ ಇದ್ದಿದ್ರ ಬೈತಿದ್ರು" ಅಂದ. ಸಂಜೆ ಮಾಡಿದೆ. ಸೂತಕದ ಲೆಕ್ಕ ಹೇಳಿದವರಿಗೆ ಉತ್ತರ ಕೊಡಲಿಲ್ಲ.

ಇಷ್ಟೆಲ್ಲ ಹಬ್ಬ ಮಾಡುವ ನಾವು ಒಂದನ್ನು ಮಾತ್ರ ಸುಮ್ನೆ ಬಿಟ್ಟುಬಿಡುತ್ತೇವೆ. ಮಗಳು ಮೊದಲ ಸಲ ಮತ ಹಾಕಿದ್ದು 2024ರ ಮೇ 7ರಂದು. ಲೋಕಸಭೆಗೆ ನಮ್ಮ ಧಾರವಾಡ ಕ್ಷೇತ್ರದ ಮತದಾನ ಅವತ್ತಿತ್ತು. ಉರಿ ಬಿಸಿಲು. ಇಬ್ಬರೂ ಬೆಳಿಗ್ಗೆಯೇ ಹೋಗಿ ಸಾಲಿನಲ್ಲಿ ನಿಂತೆವು. ಕಿವಿ ಚುಚ್ಚಿಸಿದಾಗ ಕರೆದು ಊಟ ಹಾಕಿದ್ದೆವು. ಎಸೆಸೆಲ್ಸಿ ಪಾಸಾದಾಗ ಓಣಿಗೆಲ್ಲ ಪೇಡೆ ಹಂಚಿದೆವು. ಸೀರೆ ಉಟ್ಟ ಮೊದಲ ದಿನಕ್ಕೂ ಅತ್ತೆಯವರು ದೃಷ್ಟಿ ತೆಗೆದರು. ಮತ ಹಾಕಿ ಬಂದ ದಿನ? ಫೋನಿನಲ್ಲಿ ಬೆರಳಿನ ಫೋಟೊ, ಮುಗಿಯಿತು. ನನ್ನ ಲೆಕ್ಕದಲ್ಲಿ ಅದೇ ದೊಡ್ಡ ದಿನ. ಉಳಿದದ್ದೆಲ್ಲ ನಾವು ಅವಳಿಗೆ ಮಾಡಿದ್ದು. ಇದನ್ನು ಅವಳೇ ಒಳಗೆ ಹೋಗಿ, ನಮಗೆ ಹೇಳದೆ ಮಾಡಿ ಬಂದಳು. ಯಾರಿಗೆ ಹಾಕಿದೆ ಅಂತ ಅವರಪ್ಪ ಕೇಳಿದರೆ "ಪಪ್ಪಾ, ಹಂಗ ಕೇಳಬಾರ್ದು" ಅಂದಳು. ಅವರ ಮುಖ ನೋಡಬೇಕಿತ್ತು.

ಆ ಶಾಯಿ ಮೈಸೂರಿನಲ್ಲಿ ತಯಾರಾಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆ ಅದು. 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಶಾಯಿ ಕೊಡುತ್ತಿದೆ. ಬಾವುಟ ನಮ್ಮ ಹುಬ್ಬಳ್ಳಿಯದು. ಇದನ್ನು ಹೇಳಿದಾಗಲೆಲ್ಲ ನನಗೆ ಸ್ವಲ್ಪ ಹಮ್ಮು ಬರುತ್ತದೆ, ಬರಲಿ.

ಬಾವುಟದ ಮಾತು ಬಂತಲ್ಲ, ಈ ವರ್ಷದ ಸಮಸ್ಯೆಯೇ ಅದು. ನಮ್ಮ ಹಳೆಯ ಧ್ವಜದ ಅಂಚು ಬಿಟ್ಟಿದೆ, ಕೇಸರಿ ಮಾಸಿದೆ. ಅದನ್ನು ಮತ್ತೆ ಏರಿಸುವಂತಿಲ್ಲ. ಮನೆಯ ಹಳೆ ಬಟ್ಟೆಯ ಹಾಗೆ ಒರೆಸಲು ಬಳಸುವಂತೆಯೂ ಇಲ್ಲ. ಯಾರೂ ಇಲ್ಲದ ಕಡೆ, ಗೌರವದಿಂದ, ಇಡಿಯಾಗಿ ಸುಡಬೇಕು. ಅದನ್ನು ಮಾಸ್ತರರೇ ನೋಡಿಕೊಳ್ಳುತ್ತಾರೆ. ಹೊಸದು ತರಬೇಕು. ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬರು ಆನ್‌ಲೈನಿನಲ್ಲಿ ಪಾಲಿಯೆಸ್ಟರಿನದು ಸಿಗುತ್ತದೆ, ಅಗ್ಗ, ಮಳೆಗೂ ಬೇಗ ಒಣಗುತ್ತದೆ ಅಂದರು. ಕಾನೂನಿನಲ್ಲಿ ತಪ್ಪೇನೂ ಇಲ್ಲ. 2021ರ ಡಿಸೆಂಬರಿನಲ್ಲಿ ಸಂಹಿತೆ ತಿದ್ದಿದ ಮೇಲೆ ಮಷಿನ್ನಿನ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಇದೆ.

ಆದರೆ ಬೆಂಗೇರಿ ನಮ್ಮ ಊರಲ್ಲೇ ಇದೆಯಲ್ಲ! 1957ರಲ್ಲಿ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. ಬಾಗಲಕೋಟೆ ಕಡೆಯಿಂದ ಬಟ್ಟೆ ಬರುತ್ತದೆ, ಇಲ್ಲಿ ಬಣ್ಣ ಹಾಕಿ, ಚಕ್ರ ಅಚ್ಚು ಹಾಕಿ, ಹೊಲಿಯುತ್ತಾರೆ. ಕೆಲಸಕ್ಕೆ ಇರುವವರು ಹೆಚ್ಚಿನವರು ಹೆಂಗಸರು. ಚಕ್ರದ 24 ಗೆರೆ ಎರಡೂ ಬದಿಗೆ ಒಂದರ ಮೇಲೊಂದು ಕೂರಬೇಕು, ಕೂದಲೆಳೆ ಆಚೀಚೆ ಆದರೆ ಬದಿಗೆ. ಅಳತೆಯೂ ಹಾಗೆಯೇ, ಉದ್ದ ಮೂರಾದರೆ ಅಗಲ ಎರಡು. ಮೇಜಿನ ಮೇಲಿಡುವ ಪುಟ್ಟದರಿಂದ 21 ಅಡಿ ಉದ್ದದ್ದರವರೆಗೆ. ನಮ್ಮ ಕಂಬಕ್ಕೆ ಬೇಕಾದದ್ದು 900 ಮಿಲಿಮೀಟರಿನದು, ಅಂದರೆ ಮೂರಡಿ. ಪಾಲಿಯೆಸ್ಟರಿಗೆ ಒಪ್ಪಿಗೆ ಸಿಕ್ಕಾಗ ತಮ್ಮ ಕೆಲಸಕ್ಕೆ ಕುತ್ತು ಬರುತ್ತದೆ ಅಂತ ಅಲ್ಲಿಯವರು ಪ್ರತಿಭಟನೆ ಮಾಡಿದ್ದರು. ನಮ್ಮದೇ ಊರಿನ ಹೆಣ್ಣುಮಕ್ಕಳ ಹೊಲಿಗೆ ಬಿಟ್ಟು ಎಲ್ಲಿಂದಲೋ ಪಾರ್ಸಲ್ ತರಿಸುವುದೇ? ನಾನು ಗುಂಪಿನಲ್ಲಿ ಇಷ್ಟೇ ಬರೆದೆ: "ಬೆಂಗೇರಿಯಿಂದ ನಾನೇ ತರುತ್ತೇನೆ." ಅಗ್ಗದ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಸಂಜೆ ಧ್ವಜ ಇಳಿಸುವ ಪದ್ಧತಿಯೂ ನಮ್ಮಲ್ಲಿ ಇನ್ನೂ ಇದೆ. 2022ರಿಂದ ರಾತ್ರಿಯೂ ಹಾರಿಸಬಹುದು ಅಂತ ಆಗಿದೆ, ಆದರೂ ಮಾಸ್ತರರು ಒಪ್ಪುವುದಿಲ್ಲ. ಇಳಿಸುವ ಕೆಲಸ ಮಗನದು. ಹೇಗೂ ಸಂಜೆ ಅಲ್ಲೇ ಕ್ರಿಕೆಟ್ ಆಡುತ್ತಿರುತ್ತಾನೆ. ಮಡಚಲು ಇಬ್ಬರು ಬೇಕು, ನನ್ನನ್ನು ಕೂಗುತ್ತಾನೆ. ಕೇಸರಿ, ಹಸಿರು ಎರಡನ್ನೂ ಬಿಳಿಯ ಕೆಳಗೆ ಮಡಚಿ, ಚಕ್ರ ಮೇಲೆ ಕಾಣುವ ಹಾಗೆ ಎರಡೂ ಬದಿಯಿಂದ ಒಳಗೆ ತರಬೇಕು. ಈಚೆಗೆ ಅವನು ನನಗೆ "ಮಮ್ಮಿ, ಬಿಗಿ ಹಿಡಿ" ಅಂತ ಗದರುತ್ತಾನೆ. ನಾನು ಹೇಳಿಕೊಟ್ಟದ್ದನ್ನೇ ನನಗೆ ತಿರುಗಿ ಹೇಳುವುದು ನೋಡಿ.

ಮಗಳು ಈಗ ಹಾಸ್ಟೆಲಿನಲ್ಲಿದ್ದಾಳೆ, ಬೇರೆ ಊರಲ್ಲಿ. ಗಂಟು ಯಾರು ಕಟ್ಟುವುದು ಅಂತ ಚರ್ಚೆ ಆಯಿತು. ಮಗನಿಗೆ ಮೈಕು ಬಿಡಲು ಮನಸ್ಸಿಲ್ಲ. ಕೊನೆಗೆ ಮೂರನೇ ಮನೆಯ ಏಳನೇ ಕ್ಲಾಸಿನ ಹುಡುಗಿ ಮುಂದೆ ಬಂದಳು. ಮಗಳು ಹೋದ ಬೇಸಿಗೆಯಲ್ಲೇ ಅವಳಿಗೆ ಟೆರೇಸಿನ ಬಟ್ಟೆ ಹಗ್ಗದ ಮೇಲೆ, ನನ್ನ ಅಡಿಗೆಮನೆಯ ಟವೆಲ್ ಕಟ್ಟಿ ಕಲಿಸಿದ್ದಳಂತೆ. ಆ ಟವೆಲ್ ಎಲ್ಲಿ ಹೋಯಿತು ಅಂತ ನಾನು ಎಷ್ಟು ಹುಡುಕಿದ್ದೆ!

ಇನ್ನೊಂದು ಸುದ್ದಿ. ಈ ಸಲ ಉಪ್ಪಿಟ್ಟು ಗಂಡಸರೇ ಮಾಡುತ್ತಾರಂತೆ. ತಾವೇ ಹೇಳಿದ್ದಾರೆ, ನಾವ್ಯಾರೂ ಕೇಳಲಿಲ್ಲ. ನಮ್ಮ ಮನೆಯವರು ಈಗಲೇ "ಎಷ್ಟು ಕಿಲೊ ರವಾಕ್ಕ ಎಷ್ಟು ನೀರು" ಅಂತ ಕೇಳಿ ಡೈರಿಯಲ್ಲಿ ಬರೆದುಕೊಂಡಿದ್ದಾರೆ. ರಾಷ್ಟ್ರಗೀತೆಗೆ ಮೊದಲು ಗ್ಯಾಸ್ ಆರಿಸಬೇಕು ಅನ್ನುವುದನ್ನು ನಾನಿನ್ನೂ ಹೇಳಿಲ್ಲ.